ಅಬರ್ಲೆಮ್ನೊ ಚರ್ಚ್ ಅಂಗಳದ ಪಿಕ್ಟಿಷ್ ಕಲ್ಲು: ಕೆತ್ತಿರುವುದು 685ರ ಯುದ್ಧವೇನಾ?

ಅಲೆಮಾರಿ_ಅಂಗಸ್ (ಜನವರಿ)

ಎಲ್ಲರಿಗೂ ನಮಸ್ಕಾರ. ನಾನು ಸ್ಕಾಟ್ಲೆಂಡಿನ ಡಂಡೀಗೆ ಬಂದು ಎರಡು ವರ್ಷವಾಯಿತು. ಇಲ್ಲಿಂದ ಉತ್ತರಕ್ಕೆ, ಫಾರ್ಫರ್‌ನಿಂದ ಬ್ರೆಕಿನ್‌ಗೆ ಹೋಗುವ ರಸ್ತೆಯಲ್ಲಿ ಅಬರ್ಲೆಮ್ನೊ ಅಂತ ಒಂದು ಪುಟ್ಟ ಹಳ್ಳಿ ಇದೆ. ಅಲ್ಲಿ ರಸ್ತೆ ಪಕ್ಕದಲ್ಲಿ ಮೂರು, ಚರ್ಚ್ ಅಂಗಳದಲ್ಲಿ ಒಂದು, ಹೀಗೆ ಹಳೆಯ ಕಲ್ಲುಗಳು ನಿಂತಿವೆ. ಪಿಕ್ಟರು ಅನ್ನುವ ಜನ ಕೆತ್ತಿದ್ದು. ಫೋಟೋಗಳಲ್ಲಿ ನೋಡಿ ನೋಡಿ ಹುಚ್ಚು ಹಿಡಿದಿತ್ತು. ಹೊಸ ವರ್ಷದ ರಜೆಯಲ್ಲಿ ಗೆಳೆಯನ ಕಾರು ಹತ್ತಿ ಹೊರಟೇಬಿಟ್ಟೆ.

ಹೋಗಿ ನೋಡಿದರೆ ಕಲ್ಲಿಲ್ಲ. ಕಲ್ಲಿದ್ದ ಜಾಗದಲ್ಲಿ ಆಳೆತ್ತರದ ಮರದ ಪೆಟ್ಟಿಗೆ! ನಮ್ಮಜ್ಜಿ ಮನೆ ಬೀರುವನ್ನು ತಂದು ಸಮಾಧಿಗಳ ಮಧ್ಯೆ ನಿಲ್ಲಿಸಿದ ಹಾಗಿತ್ತು. ಆಮೇಲೆ ಗೊತ್ತಾಯಿತು, ಅಕ್ಟೋಬರ್‌ನಿಂದ ಮಾರ್ಚ್ ಕೊನೆಯವರೆಗೆ ಈ ಕಲ್ಲುಗಳನ್ನು ಹೀಗೆ ಮುಚ್ಚಿಡುತ್ತಾರಂತೆ. ಇದು ಮರಳುಗಲ್ಲು. ಮಳೆ ನೀರು ಒಳಗೆ ಇಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿದರೆ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಮೊದಲೇ ವಿಚಾರಿಸಿಕೊಂಡು ಹೋಗದ್ದು ನನ್ನದೇ ತಪ್ಪು ಬಿಡಿ.

ಈಗ ಪ್ರಶ್ನೆ. ಚರ್ಚ್ ಅಂಗಳದ ಕಲ್ಲಿನ ಒಂದು ಮುಖದಲ್ಲಿ ದೊಡ್ಡ ಶಿಲುಬೆ, ಇನ್ನೊಂದು ಮುಖದಲ್ಲಿ ಯುದ್ಧ. ಅದು 685ರಲ್ಲಿ ಪಿಕ್ಟರು ನಾರ್ಥಂಬ್ರಿಯಾದ (ಈಗಿನ ಉತ್ತರ ಇಂಗ್ಲೆಂಡಿನ ಕಡೆ ಇದ್ದ ರಾಜ್ಯ) ರಾಜನನ್ನು ಕೊಂದ ಯುದ್ಧವೇ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನಗಂತೂ ಅನುಮಾನವೇ ಇಲ್ಲ. ನಿಮಗೇನನಿಸುತ್ತದೆ?

ಸುಮ್ನೆ_ಓದುಗ

ಪೆಟ್ಟಿಗೆ ಫೋಟೋ ನೋಡಿ ನಗು ತಡೆಯೋಕಾಗಲಿಲ್ಲ. ಗ್ರಹಣಕ್ಕೆ ಗುಡಿ ಬಾಗಿಲು ಹಾಕಿದ ಹಾಗೆ, ಆದರೆ ಆರು ತಿಂಗಳ ಗ್ರಹಣ! ಅದಿರಲಿ, ಈ ಪಿಕ್ಟರು ಯಾರು ಅಂತ ನನ್ನಂಥ ದಡ್ಡನಿಗೆ ಎರಡು ಮಾತಲ್ಲಿ ಹೇಳ್ತೀರಾ?

ಹಳೇ_ಹಾಳೆ

ಎರಡು ಮಾತಲ್ಲಿ ಮುಗಿಯುವುದಿಲ್ಲ, ಪ್ರಯತ್ನಿಸುತ್ತೇನೆ. ಈಗಿನ ಸ್ಕಾಟ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗದಲ್ಲಿ, ಫೋರ್ತ್ ನದಿಯಿಂದ ಆಚೆಗೆ ಇದ್ದ ಜನ ಪಿಕ್ಟರು. ಆ ಹೆಸರು ಮೊದಲು ಸಿಗುವುದು 297ರ ಒಂದು ರೋಮನ್ ಭಾಷಣದಲ್ಲಿ. ಲ್ಯಾಟಿನ್‌ನಲ್ಲಿ 'ಬಣ್ಣ ಬಳಿದವರು' ಅಂತ ಅರ್ಥ ಬರುತ್ತದೆ. ಅಂದರೆ ಹೊರಗಿನವರು ಕರೆದ ಹೆಸರು. ಅವರ ಮಾತು ವೆಲ್ಷ್ ಭಾಷೆಗೆ ಹತ್ತಿರದ್ದು. ಊರ ಹೆಸರುಗಳಲ್ಲಿ ಅದರ ಕುರುಹು ಇನ್ನೂ ಉಳಿದಿದೆ. ಅಬರ್ಡೀನ್, ಅಬರ್ಲೆಮ್ನೊದಲ್ಲಿರುವ 'ಅಬರ್' ಅಂದರೆ ನೀರು ಸೇರುವ ಜಾಗ. ಪಿಟ್ಲಾಕ್ರಿ, ಪಿಟನ್‌ವೀಮ್ ಹೆಸರುಗಳ 'ಪಿಟ್' ಅಂದರೆ ಜಮೀನಿನ ಒಂದು ಪಾಲು.

ಅವರು ಬರೆದ ಪುಸ್ತಕ, ಕಥೆ, ಕಾವ್ಯ ಏನೂ ಉಳಿದಿಲ್ಲ. ರಾಜರ ಒಂದು ಪಟ್ಟಿ ಇದೆ, ಅದೂ ಬೇರೆಯವರ ಕೈ ದಾಟಿ ಬಂದಿದ್ದು. ಉಳಿದಂತೆ ಕಲ್ಲುಗಳೇ ಗತಿ.

ಇನ್ನು ಯುದ್ಧ. 685ರ ಮೇ 20, ಶನಿವಾರ. ನಾರ್ಥಂಬ್ರಿಯಾದ ರಾಜ ಎಕ್‌ಫ್ರಿತ್ ಬೇಡ ಅಂದವರ ಮಾತು ಕೇಳದೆ ಪಿಕ್ಟರ ಮೇಲೆ ದಂಡೆತ್ತಿ ಹೋದ. ಪಿಕ್ಟರು ಓಡಿಹೋಗುವ ನಾಟಕವಾಡಿ, ಬೆಟ್ಟಗಳ ಇಕ್ಕಟ್ಟಿಗೆ ಎಳೆದು, ಅವನನ್ನೂ ಸೈನ್ಯದ ಬಹುಭಾಗವನ್ನೂ ಮುಗಿಸಿದರು. ಇದನ್ನು ಬರೆದವನು ಬೀಡ್ ಎಂಬ ಸನ್ಯಾಸಿ, 731ರಲ್ಲಿ. ಗೆದ್ದ ಪಿಕ್ಟ್ ರಾಜನ ಹೆಸರು ಬ್ರಿಡೇ.

ಒಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಬೀಡ್ ಇದ್ದ ಜ್ಯಾರೋ ಮಠದ ಚರ್ಚಿನಲ್ಲಿ ಅದರ ಪ್ರತಿಷ್ಠೆಯ ಶಾಸನ ಈಗಲೂ ಇದೆ. ತಾರೀಕು ಏಪ್ರಿಲ್ 23, ಎಕ್‌ಫ್ರಿತ್ ಆಳ್ವಿಕೆಯ ಹದಿನೈದನೇ ವರ್ಷ. ಅಂದರೆ 685. ಚರ್ಚಿನ ಪ್ರತಿಷ್ಠೆಯಾಗಿ ಇಪ್ಪತ್ತೇಳನೇ ದಿನಕ್ಕೆ ರಾಜ ಹೆಣವಾದ. ಬೀಡ್ ಆಗ ಹನ್ನೆರಡು ಹದಿಮೂರರ ಹುಡುಗ. ಸುದ್ದಿ ಬಂದ ದಿನ ಆ ಮಠ ಹೇಗಿದ್ದಿರಬೇಕು ನೋಡಿ.

ಆದರೆ ಕಲ್ಲಿನ ಮೇಲಿರುವುದು ಅದೇ ಯುದ್ಧ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಬರುತ್ತೇನೆ.

ಮಂಜುಳಾ_ಮೈಸೂರು

ಅಲೆಮಾರಿಯವರೇ, ಮೊದಲು ಕಲ್ಲಿನ ಮೇಲೆ ಏನಿದೆ ಅಂತ ಸಾಲು ಸಾಲಾಗಿ ಹೇಳಿ. ಫೋಟೋದಲ್ಲಿ ನನಗೆ ಕುದುರೆಗಳು ಬಿಟ್ಟರೆ ಏನೂ ತಿಳಿಯುತ್ತಿಲ್ಲ.

ಅಲೆಮಾರಿ_ಅಂಗಸ್

ಸರಿ ಅಕ್ಕ. ಕಲ್ಲು ಸುಮಾರು 2.3 ಮೀಟರ್ ಎತ್ತರ, ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುತ್ತದೆ. ಯುದ್ಧದ ಮುಖದಲ್ಲಿ ತೀರಾ ಮೇಲೆ ಎರಡು ಚಿಹ್ನೆ. ಒಂದು, ಬದಿಯಲ್ಲಿ ಕಚ್ಚು ಬಿಟ್ಟ ಆಯತ, ಅದರ ಮೇಲೆ ಝಡ್ ಆಕಾರದಲ್ಲಿ ಮುರಿದ ಕೋಲು. ಇನ್ನೊಂದು, ನಡುವೆ ದೊಡ್ಡ ಬಿಲ್ಲೆ, ಅಕ್ಕಪಕ್ಕ ಎರಡು ಸಣ್ಣ ಬಿಲ್ಲೆ. ಎರಡು ಹಿಡಿಯ ಕೊಪ್ಪರಿಗೆಯನ್ನು ಮೇಲಿನಿಂದ ಬಗ್ಗಿ ನೋಡಿದ ಹಾಗೆ.

ಅದರ ಕೆಳಗೆ ಮೂರು ಸಾಲು, ಒಟ್ಟು ಒಂಬತ್ತು ಜನ.

ಮೊದಲ ಸಾಲಿನಲ್ಲಿ ಒಬ್ಬ ಬರಿತಲೆಯ ಸವಾರ, ಹೆಲ್ಮೆಟ್ ಹಾಕಿದ ಇನ್ನೊಬ್ಬ ಸವಾರನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಓಡುವವನು ಕತ್ತಿ ಗುರಾಣಿ ಎರಡನ್ನೂ ಬಿಸಾಕಿದ್ದಾನೆ. ಎರಡನೇ ಸಾಲಿನಲ್ಲಿ ಮೂವರು ಕಾಲಾಳುಗಳು ಒಬ್ಬರ ಹಿಂದೆ ಒಬ್ಬರು, ಎದುರಿಗೆ ಹೆಲ್ಮೆಟ್ ಸವಾರ. ಮೂರನೇ ಸಾಲಿನಲ್ಲಿ ಇಬ್ಬರು ಸವಾರರು ಮುಖಾಮುಖಿ. ಅದರ ಪಕ್ಕ ಬಲತುದಿಯಲ್ಲಿ ಒಬ್ಬ ಹೆಲ್ಮೆಟ್‌ಧಾರಿ ಬಿದ್ದಿದ್ದಾನೆ. ಒಂದು ಹಕ್ಕಿ ಅವನನ್ನು ಕುಕ್ಕುತ್ತಿದೆ.

ಸತ್ತವನು ಎಕ್‌ಫ್ರಿತ್ ಅನ್ನುತ್ತಾರೆ. ಹೆಲ್ಮೆಟ್‌ಗಳಿಗೆ ಮೂಗಿನ ಮೇಲೆ ಇಳಿಯುವ ಪಟ್ಟಿ ಇದೆ. ಅಂಥದ್ದೇ ಒಂದು ನಿಜವಾದ ಹೆಲ್ಮೆಟ್ 1982ರಲ್ಲಿ ಯಾರ್ಕ್ ಪಟ್ಟಣದಲ್ಲಿ ಸಿಕ್ಕಿತು. ಯಾರ್ಕ್ ನಾರ್ಥಂಬ್ರಿಯಾದ ಊರು. ಹೆಲ್ಮೆಟ್ ಇರುವವರು ನಾರ್ಥಂಬ್ರಿಯಾದವರು, ಬರಿತಲೆಯವರು ಪಿಕ್ಟರು. ಮೇಲಿನ ಸಾಲಿನಲ್ಲಿ ಓಡುವುದು, ಕೆಳಗಿನ ಸಾಲಿನಲ್ಲಿ ಸಾಯುವುದು. ಬೀಡ್ ಬರೆದದ್ದಕ್ಕೆ ತಾಳೆಯಾಗುತ್ತದೆ, ಅಲ್ವಾ?

ಹಳೇ_ಹಾಳೆ

ಅಷ್ಟು ಬೇಗ ತಾಳೆ ಹಾಕಬೇಡಿ. ಬೀಡ್ ಹೇಳಿದ್ದರಲ್ಲಿ ಓಡುವ ನಾಟಕವಾಡಿದ್ದು ಪಿಕ್ಟರು. ಕಲ್ಲಿನಲ್ಲಿ ಓಡುತ್ತಿರುವುದು ಹೆಲ್ಮೆಟ್‌ನವನು. ನಿಮ್ಮ ಲೆಕ್ಕದ ಪ್ರಕಾರವೇ ತಲೆಕೆಳಗು!

ಎರಡನೆಯದು ಜಾಗ. ಬೀಡ್ ಯುದ್ಧದ ಜಾಗದ ಹೆಸರು ಹೇಳಿಲ್ಲ. ಐರ್ಲೆಂಡಿನ ವಾರ್ಷಿಕ ದಾಖಲೆಗಳಲ್ಲಿ 'ಡುನ್ ನೆಕ್ಟನ್' ಅಂತಿದೆ, ಅಂದರೆ ನೆಕ್ಟನ್‌ನ ಕೋಟೆ. ಅದು ಅಬರ್ಲೆಮ್ನೊದಿಂದ ಕೆಲವೇ ಮೈಲಿ ದೂರದ ಡನಿಕನ್ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಕಲ್ಲಿಗೂ ಯುದ್ಧಕ್ಕೂ ಗಂಟು ಬಿದ್ದದ್ದೇ ಈ ಹತ್ತಿರದಿಂದ. 2006ರಲ್ಲಿ ಅಲೆಕ್ಸ್ ವುಲ್ಫ್ ಎಂಬ ಇತಿಹಾಸಕಾರರು ಒಂದು ಲೇಖನ ಬರೆದರು. ಬ್ರಿಡೇ ಆಳುತ್ತಿದ್ದ ಫೋರ್ಟ್ರಿಯು ರಾಜ್ಯ ದಕ್ಷಿಣದಲ್ಲಿ ಅಲ್ಲ, ಉತ್ತರದ ಮೊರೇ ಕಡೆ ಇತ್ತು ಅಂತ ತೋರಿಸಿದರು. ಹಾಗಾದರೆ ಯುದ್ಧ ನಡೆದದ್ದು ಬೇಡನಾಕ್ ಸೀಮೆಯ ಡನಾಕ್ಟನ್ ಇರಬಹುದು. ಅದಕ್ಕೂ ಅದೇ ಹೆಸರಿನ ಮೂಲ. ಬೀಡ್ ಹೇಳುವ ಬೆಟ್ಟಗಳ ಇಕ್ಕಟ್ಟು ಅಲ್ಲಿ ಧಾರಾಳವಾಗಿದೆ. ಡನಿಕನ್ ಸುತ್ತ ಇರುವುದು ಗುಡ್ಡ, ಹೊಲ.

ಮೂರನೆಯದು ಕಾಲ. ಕಲ್ಲಿನ ಕೆತ್ತನೆ ಎಂಟನೇ ಶತಮಾನದ್ದು ಅನ್ನುವವರೇ ಜಾಸ್ತಿ. ಯುದ್ಧ ನೋಡಿದವರು ಯಾರೂ ಆಗ ಇರಲಿಕ್ಕಿಲ್ಲ.

ಅಲೆಮಾರಿ_ಅಂಗಸ್

ಸಾರ್, ಒಂದೇ ಏಟಿಗೆ ನನ್ನ ಕಥೆಯ ಕಾಲು ಮುರಿದಿರಲ್ಲ! ಆದರೂ ಬಿಡುವುದಿಲ್ಲ. ಅಜ್ಜನ ಕಾಲದ ಗೆಲುವನ್ನು ಮೊಮ್ಮಗ ಕಲ್ಲಿನಲ್ಲಿ ಕೆತ್ತಿಸಬಾರದು ಅಂತ ಇದೆಯೇ?

ಹಳೇ_ಹಾಳೆ

ಕೆತ್ತಿಸಬಹುದು. ಕೆತ್ತಿಸಿದ್ದಾನೆ ಅಂತ ಕಲ್ಲು ಹೇಳುತ್ತಿಲ್ಲ ಅಷ್ಟೇ.

ಬಯಲುಸೀಮೆ_ಬಸು

ನಡುವೆ ಬಾಯಿ ಹಾಕುತ್ತೇನೆ. ಮೂರು ಸಾಲು, ಯುದ್ಧ, ಬಿದ್ದ ಹೆಣ. ನಮ್ಮ ವೀರಗಲ್ಲೇ ಅಲ್ಲವೇನ್ರಿ ಇದು? ಬೇಗೂರಿನಲ್ಲಿ 'ಬೆಂಗಳೂರು' ಹೆಸರು ಬರುವ ಕಲ್ಲೂ ಇಂಥದ್ದೇ ಕಾಳಗದ್ದಲ್ಲವೇ?

ಹಳೇ_ಹಾಳೆ

ಬಸು ಅವರೇ, ಈ ಮಾತು ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ನೋಡಲು ಹೋಲಿಕೆ ಇದೆ, ಸಂಬಂಧ ಇಲ್ಲ. ನಮ್ಮ ವೀರಗಲ್ಲಿನ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಕಲ್ಲು ಇರುವುದು ಸತ್ತವನ ಗೌರವಕ್ಕೆ. ಅಬರ್ಲೆಮ್ನೊದಲ್ಲಿ ಸತ್ತವನನ್ನು ಹಕ್ಕಿಗೆ ಹಾಕಿದ್ದಾರೆ. ಅವನಿಗೆ ಸ್ವರ್ಗವಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸ, ಬೇಗೂರಿನ ಕಲ್ಲಿಗೆ ಬರಹವಿದೆ, ಹೆಸರುಗಳಿವೆ. ಇಲ್ಲಿ ಒಂದಕ್ಷರ ಇಲ್ಲ. ಅದಕ್ಕೇ ಇಷ್ಟು ಜಗಳ.

ಚಾಣದ_ಸದ್ದು

ನಮಸ್ಕಾರ. ನಾನು ಶಿವಾರಪಟ್ಟಣದ ಕಡೆಯವನು, ಮನೆಯಲ್ಲಿ ಮೂರು ತಲೆಮಾರಿನಿಂದ ಕಲ್ಲಿನ ಕೆಲಸ. ಇತಿಹಾಸ ನನಗೆ ಗೊತ್ತಿಲ್ಲ. ಫೋಟೋ ದೊಡ್ಡದು ಮಾಡಿ ಕೆಲಸ ನೋಡಿದೆ, ಅದರ ಬಗ್ಗೆ ಹೇಳುತ್ತೇನೆ.

ಅಲೆಮಾರಿಯವರು ರಸ್ತೆ ಪಕ್ಕದ ಹಾವಿನ ಕಲ್ಲಿನ ಫೋಟೋ ಕೂಡ ಹಾಕಿದ್ದಾರಲ್ಲ, ಅದೂ ಇದೂ ಬೇರೆ ಬೇರೆ ಕೆಲಸ. ಹಾವಿನ ಕಲ್ಲಿನದು ಗೆರೆ ಕೆಲಸ. ಮೊನೆ ಚಾಣ ಹಿಡಿದು ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತಾ ಹೋಗಿ, ಆಮೇಲೆ ಚುಕ್ಕಿಗಳನ್ನು ಕೂಡಿಸಿ ಉಜ್ಜಿ ನಯ ಮಾಡಿರುತ್ತಾರೆ. ಕಲ್ಲಿನ ಆಕಾರವನ್ನು ಮುಟ್ಟೇ ಇಲ್ಲ, ಸಿಕ್ಕಿದ ಹಾಗೆ ಬಿಟ್ಟಿದ್ದಾರೆ. ಕೈ ಮಾತ್ರ ಗಟ್ಟಿ. ಆ ಹಾವಿನ ಬಳಕು ನೋಡಿ, ಎಲ್ಲೂ ತಡವರಿಸಿಲ್ಲ.

ಚರ್ಚ್ ಅಂಗಳದ್ದು ಉಬ್ಬು ಕೆಲಸ. ಉಬ್ಬು ಅನ್ನುತ್ತೇವೆ, ಆದರೆ ಕಲ್ಲು ಉಬ್ಬುವುದಿಲ್ಲವಲ್ಲ. ಸುತ್ತಲಿನದನ್ನು ತಗ್ಗಿಸಬೇಕು. ಕುದುರೆ ಬೇಕಾದರೆ ಕುದುರೆಯಲ್ಲದ್ದನ್ನೆಲ್ಲ ತೆಗೆಯಬೇಕು. ಮೊದಲು ಎರಡೂ ಮುಖ ಮಟ್ಟ ಮಾಡಿಕೊಳ್ಳಬೇಕು, ನಕ್ಷೆ ಎಳೆಯಬೇಕು. ಶಿಲುಬೆಯ ಮುಖದಲ್ಲಿ ಒಂದಕ್ಕೊಂದು ಹೆಣೆದ ಪ್ರಾಣಿಗಳಿವೆ. ಒಂದು ಎಳೆ ಮೇಲೆ ಹೋದರೆ ಮುಂದಿನದರ ಕೆಳಗೆ ಹೋಗಲೇಬೇಕು. ಒಂದು ಕಡೆ ಲೆಕ್ಕ ತಪ್ಪಿದರೆ ಪೂರ್ತಿ ಕೆಟ್ಟಂತೆ. ಇದನ್ನು ಮಾಡಿದವನು ಕಲಿಯುತ್ತಿದ್ದ ಹುಡುಗನಲ್ಲ.

ಎರಡನೇ ಸಾಲಿನ ಮೂವರು ಕಾಲಾಳುಗಳನ್ನು ಗಮನಿಸಿ. ಮುಂದಿನವನ ಕೈಯಲ್ಲಿ ಕತ್ತಿ, ಗುರಾಣಿ. ಅವನ ಹಿಂದಿನವನು ಎರಡೂ ಕೈಯಲ್ಲಿ ಉದ್ದ ಈಟಿ ಹಿಡಿದಿದ್ದಾನೆ, ಅದರ ಮೊನೆ ಮುಂದಿನವನನ್ನು ದಾಟಿ ಕುದುರೆಯ ಕಡೆ ಚಾಚಿದೆ. ಮೂರನೆಯವನು ಈಟಿ ನೆಟ್ಟಗೆ ಹಿಡಿದು ಕಾಯುತ್ತಿದ್ದಾನೆ. ಸುಮ್ನೆ ಅಂದಕ್ಕೆ ಕೆತ್ತುವವನು ಮೂವರನ್ನೂ ಒಂದೇ ಅಚ್ಚಿನಲ್ಲಿ ಮಾಡುತ್ತಿದ್ದ. ಇವನು ಹಾಗೆ ಮಾಡಿಲ್ಲ. ಒಬ್ಬೊಬ್ಬನಿಗೂ ಒಂದೊಂದು ಕೆಲಸ ಕೊಟ್ಟಿದ್ದಾನೆ. ಕುದುರೆ ಪಡೆ ಬಂದಾಗ ಕಾಲಾಳು ಹೇಗೆ ನಿಲ್ಲಬೇಕು ಅಂತ ಇವನಿಗೆ ಗೊತ್ತಿತ್ತು, ಇಲ್ಲವೇ ಗೊತ್ತಿದ್ದವರು ಪಕ್ಕದಲ್ಲಿ ನಿಂತು ಹೇಳಿದ್ದಾರೆ.

ಹಳೇ_ಹಾಳೆ

ಚಾಣದವರೇ, ನೀವು ಹೇಳಿದ ಎರಡು ಬಗೆಯನ್ನೇ ವಿದ್ವಾಂಸರು 1903ರಲ್ಲಿ ವರ್ಗ ಮಾಡಿಟ್ಟರು. ಗೆರೆ ಚಿಹ್ನೆ ಮಾತ್ರ ಇರುವ ಒರಟು ಕಲ್ಲು ಮೊದಲ ವರ್ಗ. ಶಿಲುಬೆಯೂ ಚಿಹ್ನೆಯೂ ಇರುವ, ಮಟ್ಟ ಮಾಡಿದ ಚಪ್ಪಡಿ ಎರಡನೇ ವರ್ಗ. ಚಿಹ್ನೆಗಳಿಲ್ಲದ್ದು ಮೂರನೇ ವರ್ಗ. ಇನ್ನೊಂದು ಮಾತು. ಎಂಟನೇ ಶತಮಾನದ ಆರಂಭದಲ್ಲಿ ನೆಕ್ಟನ್ ಅನ್ನುವ ಪಿಕ್ಟ್ ರಾಜ ಜ್ಯಾರೋ ಮಠಕ್ಕೆ ಪತ್ರ ಬರೆದು, ರೋಮನ್ನರ ರೀತಿಯಲ್ಲಿ ಕಲ್ಲಿನ ಚರ್ಚ್ ಕಟ್ಟಲು ಕೆಲಸಗಾರರನ್ನು ಕಳಿಸಿ ಅಂತ ಕೇಳಿದ. ಇದನ್ನೂ ಬೀಡ್ ಬರೆದಿದ್ದಾನೆ. ನೀವು ಮೆಚ್ಚಿದ ಹೆಣೆದ ಪ್ರಾಣಿಗಳು ನಾರ್ಥಂಬ್ರಿಯಾದ ಲಿಂಡಿಸ್ಫಾರ್ನ್ ಸುವಾರ್ತೆ ಪುಸ್ತಕದ ಚಿತ್ರಗಳ ನೆಂಟರು.

ಬಯಲುಸೀಮೆ_ಬಸು

ಅಂದ್ರೆ ಒಂದು ಕಡೆ ನಾರ್ಥಂಬ್ರಿಯಾದವರಿಂದ ಕಲಿತ ಶಿಲುಬೆ, ಇನ್ನೊಂದು ಕಡೆ ಅವರನ್ನೇ ಹೊಡೆದ ಚಿತ್ರ? ಭಲೇ ಜನ ಬಿಡ್ರಿ.

ಹಳೇ_ಹಾಳೆ

ಹೆಲ್ಮೆಟ್‌ನವರು ನಾರ್ಥಂಬ್ರಿಯಾದವರೇ ಆಗಿದ್ದರೆ!

ಮಂಜುಳಾ_ಮೈಸೂರು

ಚಿಹ್ನೆಗಳ ವಿಷಯ ಯಾರೂ ಎತ್ತಲೇ ಇಲ್ಲ. ನಾನು ಬೇರೆ ಕಲ್ಲುಗಳ ಚಿತ್ರ ಹುಡುಕುತ್ತಿದ್ದಾಗ ಒಂದು ಪ್ರಾಣಿ ಸಿಕ್ಕಿತು. ಸೊಂಡಿಲಿನ ಹಾಗೆ ಏನೋ ತಲೆಯಿಂದ ಹಿಂದಕ್ಕೆ ಇಳಿದಿದೆ, ಕಾಲಿನ ತುದಿ ಸುರುಳಿ. ಆನೆ ತರಹವೇ ಇದೆ! ಸ್ಕಾಟ್ಲೆಂಡಿನಲ್ಲಿ ಆನೆ?

ಅಲೆಮಾರಿ_ಅಂಗಸ್

ಅಕ್ಕ, ಹತ್ತೊಂಬತ್ತನೇ ಶತಮಾನದವರೂ ಅದನ್ನು ಆನೆ ಅಂತಲೇ ಕರೆದರು. ಈಗ 'ಪಿಕ್ಟಿಷ್ ಪ್ರಾಣಿ' ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ಡಾಲ್ಫಿನ್ ಅನ್ನುವವರಿದ್ದಾರೆ, ನೀರಿನಲ್ಲಿರುವ ಮಾಯಾಕುದುರೆಯ ಜನಪದ ಕಥೆಗಳಲ್ಲಿ ಬರುವ ಪ್ರಾಣಿ ಅನ್ನುವವರೂ ಇದ್ದಾರೆ. ವಿಚಿತ್ರ ಏನೆಂದರೆ ಇವರು ಸಾಲ್ಮನ್ ಮೀನು, ಹದ್ದು, ಗೂಳಿ, ತೋಳ ಕೆತ್ತಿದರೆ ಎದ್ದು ಬರುವ ಹಾಗೆ ಕೆತ್ತುತ್ತಾರೆ. ಇದೊಂದನ್ನು ಮಾತ್ರ ಯಾವ ಪ್ರಾಣಿಗೂ ಹೋಲದ ಹಾಗೆ, ಆದರೆ ಎಲ್ಲ ಕಡೆ ಒಂದೇ ಥರ ಕೆತ್ತಿದ್ದಾರೆ.

ಹಳೇ_ಹಾಳೆ

ಅದೇ ಮುಖ್ಯ. ಆರ್ಕ್ನಿ ದ್ವೀಪದಿಂದ ಫೈಫ್‌ವರೆಗೆ ಒಂದೇ ಚಿಹ್ನೆಗಳು, ಒಂದೇ ರೂಪದಲ್ಲಿ, ಬಹಳ ಸಲ ಜೋಡಿಯಾಗಿ ಬರುತ್ತವೆ. ಹಾಗಾಗಿ ಇವು ಅಲಂಕಾರವಲ್ಲ, ಹೆಸರುಗಳನ್ನು ಸೂಚಿಸುವ ಗುರುತುಗಳು ಎಂಬ ವಾದಕ್ಕೆ ಈಗ ಬೆಂಬಲ ಜಾಸ್ತಿ. 2010ರಲ್ಲಿ ಕೆಲವರು ಗಣಿತ ಹಾಕಿ, ಚಿಹ್ನೆಗಳು ಬರುವ ಕ್ರಮ ಬರಹದ ಲಕ್ಷಣಕ್ಕೆ ಹೊಂದುತ್ತದೆ ಅಂದರು. 2018ರಲ್ಲಿ ಸ್ಟೋನ್‌ಹೇವನ್ ಬಳಿಯ ಡನಿಕೇರ್ ಎಂಬ ಕಡಲಬಂಡೆಯ ಅಗೆತದ ಕಾಲನಿರ್ಣಯ ಪ್ರಕಟವಾಯಿತು. ಅದರ ಪ್ರಕಾರ ಈ ಚಿಹ್ನೆಗಳ ಹುಟ್ಟು ಮೂರು ನಾಲ್ಕನೇ ಶತಮಾನಕ್ಕೇ ಹೋಗಬಹುದು.

ಅಬರ್ಲೆಮ್ನೊ ಕಲ್ಲಿನ ನೆತ್ತಿಯ ಮೇಲಿನ ಆಯತ, ಕೊಪ್ಪರಿಗೆ ಕೂಡ ಒಬ್ಬ ಮನುಷ್ಯನ ಹೆಸರಿರಬಹುದು. ಆ ಕಾಲದ ಜನಕ್ಕೆ ಅದು ನೋಡಿದ ಕೂಡಲೇ ಓದಲು ಬರುತ್ತಿತ್ತೋ ಏನೋ. ಬರಹವಿಲ್ಲ ಅಂತ ಮೇಲೆ ನಾನೇ ಹೇಳಿದ್ದೆ. ಆ ಮಾತು ಸ್ವಲ್ಪ ವಾಪಸ್.

ಸುಮ್ನೆ_ಓದುಗ

ಹೊಸ ಕಲ್ಲು ಈಗಲೂ ಸಿಗುತ್ತವಾ?

ಅಲೆಮಾರಿ_ಅಂಗಸ್

ಸಿಗುತ್ತವೆ. ಅಬರ್ಲೆಮ್ನೊದಲ್ಲೇ ಸಿಕ್ಕಿತು! 2020ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯದ ತಂಡ ಅಲ್ಲಿ ಹೊಲವೊಂದರಲ್ಲಿ ನೆಲದ ಸಮೀಕ್ಷೆ ಮಾಡುತ್ತಿತ್ತು. ಏನಿದೆ ನೋಡೋಣ ಅಂತ ಸಣ್ಣ ಗುಂಡಿ ತೋಡಿದರು. ಮಣ್ಣು ಕೈಯಲ್ಲಿ ಸವರಿದಾಗ ಚಿಹ್ನೆ ಕಂಡಿತು. 1.7 ಮೀಟರ್ ಉದ್ದದ ಕಲ್ಲು. ಅದರ ಮೇಲೆ ಬಾಚಣಿಗೆ, ಕನ್ನಡಿ, ಅರ್ಧಚಂದ್ರ, ಬಿಲ್ಲೆಗಳು. 2022ರಲ್ಲಿ ಸುದ್ದಿ ಹೊರಬಂತು. ತಮಾಷೆ ಅಂದರೆ ಅದು ನಿಂತಿರಲಿಲ್ಲ. ಹನ್ನೊಂದು ಹನ್ನೆರಡನೇ ಶತಮಾನದ ಒಂದು ಕಟ್ಟಡದ ನೆಲಹಾಸಾಗಿ ಮಲಗಿತ್ತು.

ಚಾಣದ_ಸದ್ದು

ಅದರಲ್ಲಿ ತಮಾಷೆ ಏನಿದೆ ಅಣ್ಣ? ಮಟ್ಟವಾದ ಕಲ್ಲು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೆ ಯಾರೂ ಬಿಡುವುದಿಲ್ಲ.

ಹಳೇ_ಹಾಳೆ

ನಿಜ. ಉತ್ತರದಲ್ಲಿ ಹಿಲ್ಟನ್ ಆಫ್ ಕಡ್‌ಬಾಲ್ ಅಂತ ಒಂದು ಕಲ್ಲಿದೆ, ಸುಮಾರು 800ರದ್ದು. ಕುದುರೆಯ ಮೇಲೆ ಒಂದು ಪಕ್ಕಕ್ಕೆ ಕೂತ ಹೆಂಗಸು, ಸುತ್ತ ಬೇಟೆ, ಬಹಳ ಚೆಂದ. 1676ರಲ್ಲಿ ಅದರ ಇನ್ನೊಂದು ಮುಖದ ಶಿಲುಬೆಯನ್ನು ಪೂರ್ತಿ ಕೆತ್ತಿ ಹಾಕಿ, ಅಲೆಕ್ಸಾಂಡರ್ ಡಫ್ ಎಂಬುವನ ಮತ್ತು ಅವನ ಮೂವರು ಹೆಂಡತಿಯರ ನೆನಪಿಗೆ ಬರಹ ಕೆತ್ತಿಸಿದರು. ಕಲ್ಲು ಮುಂದೆ ಲಂಡನ್‌ಗೆ ಹೋಗಿ, ಸ್ಕಾಟ್ಲೆಂಡಿನ ಜನ ಗಲಾಟೆ ಮಾಡಿ ವಾಪಸ್ ತರಿಸಿಕೊಂಡು, ಈಗ ಎಡಿನ್‌ಬರಾ ಮ್ಯೂಸಿಯಮ್ಮಿನಲ್ಲಿದೆ. 2001ರಲ್ಲಿ ಮೂಲ ಜಾಗ ಅಗೆದಾಗ ಅದರ ಬುಡ ಸಿಕ್ಕಿತು. ಜೊತೆಗೆ ಶಿಲುಬೆಯಿಂದ ಉದುರಿಸಿದ ಚೂರುಗಳು, ಸಾವಿರಾರು.

ಚಾಣದ_ಸದ್ದು

ಸಾವಿರಾರು ಚೂರು. ಅಷ್ಟು ತೆಗೆಯಲು ಆ ಕೆಲಸಗಾರನೂ ದಿನಗಟ್ಟಲೆ ಕುಟ್ಟಿರಬೇಕು. ಕುಟ್ಟುವಾಗ ಕಣ್ಣೆದುರಿಗೆ ಆ ಹೆಣಿಗೆ ಇತ್ತಲ್ಲ.

ಅಲೆಮಾರಿ_ಅಂಗಸ್ (ಏಪ್ರಿಲ್)

ಹಳೇ ಚರ್ಚೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ, ಬೈಯಬೇಡಿ. ಪೆಟ್ಟಿಗೆ ತೆಗೆದಿದ್ದಾರೆ! ಕಳೆದ ಭಾನುವಾರ ಹೋಗಿದ್ದೆ.

ಮಧ್ಯಾಹ್ನ ತಲುಪಿದಾಗ ಮೋಡ. ಕಲ್ಲು ಬೂದು ಬಣ್ಣಕ್ಕೆ ತಿರುಗಿದ ಕೆಂಪು, ಅಲ್ಲಲ್ಲಿ ಹಾವಸೆ. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯಾಯಿತು. ಫೋಟೋದಲ್ಲಿ ಕಂಡಷ್ಟೂ ಕಾಣಲಿಲ್ಲ. ಶಿಲುಬೆಯ ಮುಖ ನೋಡಿದೆ, ರಸ್ತೆ ಪಕ್ಕದ ಕಲ್ಲುಗಳಿಗೆ ಹೋಗಿ ಬಂದೆ. ಹಾವಿನ ಕಲ್ಲಿನ ಹಿಂಬದಿಯಲ್ಲಿ ಸಣ್ಣ ಬಟ್ಟಲಿನಂಥ ಗುಳಿಗಳಿವೆ, ನೋಡಿದಿರಾ? ಅವು ಪಿಕ್ಟರಿಗಿಂತ ಸಾವಿರಾರು ವರ್ಷ ಹಳೆಯವು. ಪಿಕ್ಟರೂ ಯಾರದ್ದೋ ಹಳೇ ಕಲ್ಲನ್ನೇ ಎತ್ತಿಕೊಂಡಿದ್ದರು.

ಸಂಜೆ ಕತ್ತಲಾಗುವ ಹೊತ್ತಿಗೆ ಮತ್ತೆ ಚರ್ಚ್ ಅಂಗಳಕ್ಕೆ ಬಂದೆ. ಬೆಳಕು ಸಾಲದೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ಒತ್ತಿ ಪಕ್ಕದಿಂದ ಓರೆಯಾಗಿ ಬಿಟ್ಟೆ. ಆಗ ಎಲ್ಲ ಎದ್ದು ನಿಂತರು. ಚಾಣದವರು ಹೇಳಿದ ಈಟಿ ಮುಂದಿನವನನ್ನು ದಾಟಿ ಬಂದಿರುವುದು ನೆರಳಿನಲ್ಲಿ ಗೆರೆ ಎಳೆದಷ್ಟು ಸ್ಪಷ್ಟ. ಟಾರ್ಚ್ ಕೆಳಗಿಳಿಸಿದೆ. ಬಿದ್ದವನ ಹತ್ತಿರ ಬಂದಾಗ ಒಂದು ನಿಮಿಷ ಕೈ ಅಲ್ಲೇ ನಿಂತಿತು. ಹಕ್ಕಿ ಮನುಷ್ಯನ ಅಳತೆಗೆ ತೀರಾ ದೊಡ್ಡದು. ಕೊಕ್ಕು ಸೀದಾ ಮುಖದ ಹತ್ತಿರ. ನಾನು ಆ ಹೊತ್ತಿನಲ್ಲಿ ಎಕ್‌ಫ್ರಿತ್‌ನನ್ನೂ 685ನ್ನೂ ನೆನೆಯಲೇ ಇಲ್ಲ ಅಂತ ಮನೆಗೆ ಬಂದ ಮೇಲೆ ಹೊಳೆಯಿತು. ಹಳೇಹಾಳೆ ಸಾರ್, ಗೆದ್ದಿರಿ ಅಂತ ಅಂದುಕೊಳ್ಳಬೇಡಿ.

ಹಳೇ_ಹಾಳೆ

ಗೆಲ್ಲಲು ಇದು ಡುನ್ ನೆಕ್ಟನ್ ಅಲ್ಲ ಮಾರಾಯರೇ. ನನಗೆ ಎಪ್ಪತ್ತೊಂದು, ಅಲ್ಲಿಗೆ ಬರುವುದು ಕನಸಿನ ಮಾತು. ಆ ಟಾರ್ಚ್ ಬೆಳಕಿನ ಫೋಟೋ ಹಾಕಿ.

ಚಾಣದ_ಸದ್ದು

ಹೌದು ಅಣ್ಣ. ಆ ಹಕ್ಕಿಯ ರೆಕ್ಕೆ ಹತ್ತಿರ ಚಾಣದ ಗುರುತು ಉಳಿದಿದೆಯಾ ಅಂತ ನೋಡಬೇಕು.

ಅಲೆಮಾರಿ_ಅಂಗಸ್

ಟಾರ್ಚ್ ಹಿಡಿದದ್ದು ಮೊಬೈಲಿನಲ್ಲಿ. ಫೋಟೋ ತೆಗೆಯಬೇಕಾದದ್ದೂ ಅದೇ ಮೊಬೈಲಿನಲ್ಲಿ. ಗೆಳೆಯ ಚಳಿ ಅಂತ ಕಾರಿನಲ್ಲೇ ಕೂತಿದ್ದ. ಮುಂದಿನ ಭಾನುವಾರ ಅವನನ್ನು ಇಳಿಸಿಯೇ ತೀರುತ್ತೇನೆ.